ಧರ್ಮದ ಕಾಲಂನಲ್ಲಿ ಏನು ಬರೆಸುತ್ತೀರಿ?

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನರ ಪೈಕಿ ತಾವು ಕ್ರೈಸ್ತರು ಎಂದು ಬರೆದವರು ಶೇ 46.2. ಇಪ್ಪತ್ತು ವರ್ಷ ಹಿಂದೆ, 2001ರಲ್ಲಿ, ಇದು ಶೇ 71.7 ಇತ್ತು. ಅದೇ ಅವಧಿಯಲ್ಲಿ ‘ಯಾವ ಧರ್ಮವೂ ಇಲ್ಲ’ ಎಂದವರು ಶೇ 14.8ರಿಂದ 37.2ಕ್ಕೆ ಏರಿದರು. ಅರಸೊತ್ತಿಗೆಯೇ ಚರ್ಚಿನ ಮುಖ್ಯಸ್ಥಾನದಲ್ಲಿ ಕುಳಿತಿರುವ ನಾಡಿನಲ್ಲಿ ಕ್ರೈಸ್ತರು ಅರ್ಧಕ್ಕಿಂತ ಕಡಿಮೆಯಾದದ್ದು ಸಹಜವಾಗಿಯೇ ದೊಡ್ಡ ಸುದ್ದಿಯಾಯಿತು. ಇತ್ತ ಭಾರತದ ಲೆಕ್ಕ ಬೇರೆಯೇ ಇದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆ ಮತ್ತು 2020ರ ಆರಂಭದ ತಿಂಗಳುಗಳಲ್ಲಿ ಇಲ್ಲಿನ ಸುಮಾರು 30 ಸಾವಿರ ವಯಸ್ಕರನ್ನು ಮಾತನಾಡಿಸಿತು. ಶೇ 97 ಮಂದಿ ದೇವರನ್ನು ನಂಬುತ್ತೇವೆ ಎಂದರು. ಬೆಳೆದ ಧರ್ಮ ಯಾವುದು, ಈಗಿನ ಧರ್ಮ ಯಾವುದು ಎಂಬ ಎರಡೂ ಪ್ರಶ್ನೆಗೆ ಶೇ 98 ಮಂದಿ ಒಂದೇ ಉತ್ತರ ಕೊಟ್ಟರು. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಪಶ್ಚಿಮದವರು ದೇವರನ್ನು ಬಿಟ್ಟರು, ನಾವು ಬಿಡಲಿಲ್ಲ. ಕೆಲವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ಬೇಸರದಿಂದ. ಆದರೆ ಲೆಕ್ಕಗಳು ಅಷ್ಟನ್ನು ಹೇಳುವುದಿಲ್ಲ. ಧರ್ಮ ಎಂದು ನಾವು ಒಟ್ಟಿಗೆ ಕರೆಯುವುದರೊಳಗೆ ಮೂರು ಸಂಗತಿಗಳಿವೆ: ಕಾಗದದಲ್ಲಿ ಬರೆಸುವ ಹೆಸರು, ಮನಸ್ಸಿನಲ್ಲಿರುವ ನಂಬಿಕೆ, ದಿನನಿತ್ಯದ ಆಚರಣೆ. ಮೂರೂ ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಹೆಸರು ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ನಂಬಿಕೆಗಿಂತ ಹೆಚ್ಚಾಗಿ ನಿರ್ಧರಿಸುವುದು ಆ ಹೆಸರಿಗೆ ಸಮಾಜ ಮತ್ತು ಸರ್ಕಾರ ಕಟ್ಟಿರುವ ಬೆಲೆ. ಆ ಬೆಲೆಯನ್ನು ತಿಳಿಯದೆ ಯಾವ ದೇಶದ ಧರ್ಮದ ಲೆಕ್ಕವನ್ನೂ ಸರಿಯಾಗಿ ಓದಲಾಗದು.

ಬೆಲೆಯ ಮಾತಿಗೆ ಮೊದಲು, ಲೆಕ್ಕ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಭಾರತದಲ್ಲಿ 1872ರ ಮೊದಲ ಜನಗಣತಿಯಿಂದಲೇ ಪ್ರತಿಯೊಬ್ಬರ ಧರ್ಮ ಕೇಳಿ ಬರೆದುಕೊಂಡ ಬ್ರಿಟಿಷರು ಇಂಗ್ಲೆಂಡಿನ ಜನಗಣತಿಗೆ ಆ ಪ್ರಶ್ನೆ ಸೇರಿಸಿದ್ದು 2001ರಲ್ಲಿ. ಅದಕ್ಕೂ ಮುಂಚೆ, 1851ರಲ್ಲಿ, ಒಂದು ಭಾನುವಾರ ಚರ್ಚುಗಳಿಗೆ ಎಷ್ಟು ಜನ ಬಂದರು ಎಂದು ತಲೆ ಎಣಿಸಿದ್ದುಂಟು. ಯಾರು ಯಾವ ಧರ್ಮದವರು ಎಂದು ಮನೆಮನೆಗೆ ಹೋಗಿ ಕೇಳಿರಲಿಲ್ಲ. 2001ರಲ್ಲಿ ಕೇಳಿದಾಗಲೂ ಉತ್ತರ ಕಡ್ಡಾಯವಾಗಿರಲಿಲ್ಲ. ಆಗ ಸುಮಾರು 3.9 ಲಕ್ಷ ಮಂದಿ ‘ಸ್ಟಾರ್ ವಾರ್ಸ್’ ಸಿನಿಮಾದ ‘ಜೆಡೈ’ ತಮ್ಮ ಧರ್ಮವೆಂದು ತಮಾಷೆಗೆ ಬರೆದರು. ಹಾಗೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ ಎಂಬ ಧೈರ್ಯ ಆ ತಮಾಷೆಯ ಹಿಂದಿತ್ತು. ಪ್ರಶ್ನೆ ಕೇಳುವ ರೀತಿಯಿಂದಲೂ ಉತ್ತರ ಬದಲಾಗುತ್ತದೆ. ಜನಗಣತಿ ‘ನಿಮ್ಮ ಧರ್ಮ ಯಾವುದು?’ ಎನ್ನುತ್ತದೆ, ಅಂದರೆ ಧರ್ಮ ಒಂದು ಇದ್ದೇ ಇದೆ ಎಂದು ಮೊದಲೇ ಊಹಿಸಿಕೊಳ್ಳುತ್ತದೆ. ಬ್ರಿಟನ್ನಿನ ಸಾಮಾಜಿಕ ಧೋರಣೆಗಳ ಸಮೀಕ್ಷೆ ‘ಯಾವುದಾದರೂ ಧರ್ಮಕ್ಕೆ ಸೇರಿದವರೆಂದು ನಿಮ್ಮನ್ನು ನೀವು ಭಾವಿಸುತ್ತೀರಾ?’ ಎಂದು ವಯಸ್ಕರನ್ನು ಕೇಳುತ್ತದೆ. 2018ರಲ್ಲಿ ಇಲ್ಲ ಎಂದವರು ಶೇ 52. ಮೂರು ವರ್ಷದ ನಂತರ ಜನಗಣತಿಯಲ್ಲಿ ಹಾಗೆಂದವರು ಶೇ 37.2 ಮಾತ್ರ. ಮನೆಯಲ್ಲಿ ಒಬ್ಬರೇ ಕುಳಿತು ಎಲ್ಲರ ಪರವಾಗಿ ನಮೂನೆ ತುಂಬುವುದೂ ಈ ವ್ಯತ್ಯಾಸಕ್ಕೆ ಒಂದು ಕಾರಣ. ಅಪ್ಪನೋ ಅಮ್ಮನೋ ಮಕ್ಕಳ ಮನಸ್ಸು ಕೇಳದೆ ಮನೆತನದ ಧರ್ಮವನ್ನೇ ಬರೆದುಬಿಡುತ್ತಾರೆ. ಆಸ್ಟ್ರೇಲಿಯಾ 2016ರಲ್ಲಿ ‘ಧರ್ಮವಿಲ್ಲ’ ಎಂಬ ಆಯ್ಕೆಯನ್ನು ಪಟ್ಟಿಯ ಕೊನೆಯಿಂದ ಮೊದಲಿಗೆ ತಂದಿತು. 2011ರಲ್ಲಿ ಸುಮಾರು ಶೇ 22 ಇದ್ದ ಆ ವರ್ಗ ಶೇ 30ಕ್ಕೆ ಜಿಗಿಯಿತು. ಇಡೀ ಏರಿಕೆ ಪಟ್ಟಿಯ ಕ್ರಮದಿಂದಲೇ ಆಯಿತು ಎನ್ನುವಂತಿಲ್ಲ, ಏಕೆಂದರೆ 2021ರಲ್ಲಿ ಅದು ಶೇ 38.9ಕ್ಕೆ ಏರಿತು. ಆದರೂ ಕಾಲಂ ಎಂಬುದು ಮನಸ್ಸಿಗೆ ಹಿಡಿದ ಕನ್ನಡಿಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಹೆಸರಿನ ಬೆಲೆಯನ್ನು ನೇರವಾಗಿ ಹಣದಲ್ಲೇ ಅಳೆಯಬಹುದಾದ ದೇಶ ಜರ್ಮನಿ. ಅಲ್ಲಿ ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ದಾಖಲಾದವರು ಆದಾಯ ತೆರಿಗೆಯ ಜೊತೆಗೆ ಚರ್ಚ್ ತೆರಿಗೆಯನ್ನೂ ಕಟ್ಟಬೇಕು. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಅದು ಆದಾಯ ತೆರಿಗೆಯ ಶೇ 8, ಉಳಿದೆಡೆ ಶೇ 9. ವಸೂಲಿ ಮಾಡುವುದು ಸರ್ಕಾರದ ತೆರಿಗೆ ಇಲಾಖೆ. ಬೇಡವೆನ್ನುವವರು ಸರ್ಕಾರಿ ಕಚೇರಿಗೆ ಹೋಗಿ ಚರ್ಚ್ ತೊರೆದಿದ್ದೇನೆ ಎಂದು ಸಹಿ ಹಾಕಿ ಬರಬೇಕು. ಬಡ್ಡಿ, ಡಿವಿಡೆಂಡ್‌ಗಳಂಥ ವರಮಾನದ ಮೇಲಿನ ಚರ್ಚ್ ತೆರಿಗೆಯನ್ನು 2015ರಿಂದ ಬ್ಯಾಂಕುಗಳೇ ಮುರಿದುಕೊಳ್ಳುವ ವ್ಯವಸ್ಥೆ ಬಂತು. ಅದರ ಸೂಚನೆ ಗ್ರಾಹಕರ ಕೈಸೇರಿದ್ದು 2014ರಲ್ಲಿ. 2013ರಲ್ಲಿ ಸುಮಾರು 1.79 ಲಕ್ಷ ಇದ್ದ ಚರ್ಚ್ ತೊರೆದ ಕ್ಯಾಥೊಲಿಕರ ಸಂಖ್ಯೆ 2014ರಲ್ಲಿ ಸುಮಾರು 2.18 ಲಕ್ಷಕ್ಕೆ ಏರಿತು. ಹೊಸ ತೆರಿಗೆಯೇನೂ ಬಂದಿರಲಿಲ್ಲ, ವಸೂಲಿಯ ರೀತಿ ಮಾತ್ರ ಬದಲಾಗಿತ್ತು. ಬ್ಯಾಂಕಿನ ಪತ್ರ ಓದಿ ಯಾರೂ ನಾಸ್ತಿಕರಾಗುವುದಿಲ್ಲ. ಎಂದೋ ಸಡಿಲವಾಗಿದ್ದ ನಂಟನ್ನು ಕಡಿದುಕೊಳ್ಳಲು ಅದೊಂದು ನೆಪವಾಯಿತು, ಅಷ್ಟೆ. 2022ರ ಜನವರಿಯಲ್ಲಿ ಮ್ಯೂನಿಕ್ ಧರ್ಮಪ್ರಾಂತ್ಯದ ಪಾದ್ರಿಗಳ ಲೈಂಗಿಕ ದೌರ್ಜನ್ಯ ಕುರಿತ ವರದಿ ಹೊರಬಿತ್ತು. ಆ ವರ್ಷ ಚರ್ಚ್ ತೊರೆದ ಕ್ಯಾಥೊಲಿಕರು 5.2 ಲಕ್ಷಕ್ಕೂ ಹೆಚ್ಚು. ಈ ಬಾರಿ ಬೆಲೆ ನೈತಿಕವಾದದ್ದು: ಇಂಥ ಸಂಸ್ಥೆಯ ಜೊತೆ ನನ್ನ ಹೆಸರು ಇರಬೇಕೇ ಎಂಬ ಪ್ರಶ್ನೆ. ಎರಡೂ ಪ್ರಸಂಗಗಳಲ್ಲಿ ಜನ ಬಿಟ್ಟದ್ದು ಸಂಸ್ಥೆಯ ಹೆಸರನ್ನು. ಅವರು ದೇವರನ್ನೂ ಬಿಟ್ಟರೋ ಇಲ್ಲವೋ ಎಂಬುದನ್ನು ಆ ದಾಖಲೆ ತಿಳಿಸುವುದಿಲ್ಲ.

ಅಮೆರಿಕದಲ್ಲಿ ಚರ್ಚ್ ತೆರಿಗೆ ಇಲ್ಲ, ಸರ್ಕಾರಿ ಧರ್ಮವೂ ಇಲ್ಲ. ಅಲ್ಲಿ ಹೆಸರಿನ ಬೆಲೆ ಏರಿದ್ದು ರಾಜಕೀಯದಿಂದ. ಪ್ಯೂ ಲೆಕ್ಕದ ಪ್ರಕಾರ 2007ರಲ್ಲಿ ಅಮೆರಿಕದ ವಯಸ್ಕರಲ್ಲಿ ಕ್ರೈಸ್ತರು ಶೇ 78, ಧರ್ಮಕ್ಕೆ ಸೇರದವರು ಶೇ 16 ಇದ್ದರು. 2023-24ರ ಹೊತ್ತಿಗೆ ಅವರು ಕ್ರಮವಾಗಿ ಶೇ 62 ಮತ್ತು ಶೇ 29 ಆದರು. ಆದರೆ ಈ ಶೇ 29ರೊಳಗೆ ತಾವು ನಾಸ್ತಿಕರು ಎಂದವರು ಶೇ 5, ಅಜ್ಞೇಯವಾದಿಗಳು ಎಂದವರು ಶೇ 6 ಮಾತ್ರ. ಉಳಿದವರು ‘ನಿರ್ದಿಷ್ಟವಾಗಿ ಯಾವುದೂ ಅಲ್ಲ’ ಎಂದವರು. ಅದೇ ಸಮೀಕ್ಷೆಯಲ್ಲಿ ಒಟ್ಟು ವಯಸ್ಕರ ಪೈಕಿ ಶೇ 83 ಮಂದಿ ದೇವರನ್ನೋ ಒಂದು ವಿಶ್ವಚೇತನವನ್ನೋ ನಂಬುತ್ತೇವೆ ಎಂದಿದ್ದಾರೆ. ಶೇ 86 ಮಂದಿ ದೇಹವಲ್ಲದೆ ಆತ್ಮವೂ ಉಂಟು ಎಂದಿದ್ದಾರೆ. ಹಾಗಾದರೆ ಹೆಸರನ್ನೇಕೆ ಬಿಟ್ಟರು? ಸಮಾಜಶಾಸ್ತ್ರಜ್ಞರಾದ ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಶರ್ 2002ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. 1990ರ ದಶಕದಲ್ಲಿ ಧರ್ಮವಿಲ್ಲ ಎನ್ನುವವರ ಪ್ರಮಾಣ ಶೇ 7ರಿಂದ 14ಕ್ಕೆ ಇಮ್ಮಡಿಯಾದದ್ದನ್ನು ಪರಿಶೀಲಿಸಿದ ಅವರಿಗೆ, ದೇವರ ಮೇಲಿನ ನಂಬಿಕೆ ಆ ವೇಗದಲ್ಲಿ ಕುಸಿದದ್ದು ಕಾಣಲಿಲ್ಲ. ಏರಿಕೆ ಕಂಡದ್ದು ಉದಾರವಾದಿಗಳು ಮತ್ತು ಮಧ್ಯಮ ಮಾರ್ಗದವರಲ್ಲಿ, ಸಂಪ್ರದಾಯವಾದಿಗಳಲ್ಲಲ್ಲ. ಕ್ರೈಸ್ತ ಎಂಬ ಹೆಸರು ಒಂದು ರಾಜಕೀಯ ಪಾಳೆಯದ ಗುರುತಾಗತೊಡಗಿದಾಗ, ಆ ರಾಜಕೀಯ ಒಲ್ಲದವರು ಹೆಸರನ್ನೂ ಒಲ್ಲೆ ಎಂದರು. ಧರ್ಮದ ಹೆಸರಿನಲ್ಲಿ ಮತ ಕೇಳುವವರು ಗಮನಿಸಬೇಕಾದ ಸಂಗತಿ ಇದು: ಒಂದು ಚುನಾವಣೆ ಗೆದ್ದುಕೊಟ್ಟ ಹೆಸರು, ಮುಂದಿನ ತಲೆಮಾರಿನ ಒಂದು ಭಾಗಕ್ಕೆ ಮುಜುಗರದ ಹೆಸರಾಗಬಹುದು. ಜಗತ್ತು ಆಧುನಿಕವಾದಷ್ಟೂ ಧರ್ಮ ಒಂದೇ ಸಮನೆ ಇಳಿಯುತ್ತದೆ ಎಂಬ ಸರಳ ನಿಯಮವೂ ಇಲ್ಲಿ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಕ್ರೈಸ್ತರ ಇಳಿಕೆ ಸುಮಾರು 2019ರಿಂದ ಈಚೆಗೆ ಬಹುಮಟ್ಟಿಗೆ ತಟಸ್ಥವಾಗಿದೆ. 1960ರ ದಶಕದಲ್ಲಿ ಧರ್ಮದ ಅವಸಾನವನ್ನು ನಿರೀಕ್ಷಿಸಿದ್ದ ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ 1990ರ ದಶಕದ ಕೊನೆಗೆ ತಮ್ಮ ಆ ನಿಲುವನ್ನೇ ಕೈಬಿಟ್ಟರು.

ಜಪಾನಿನಲ್ಲಿ ಲೆಕ್ಕ ಇನ್ನೂ ವಿಚಿತ್ರ. ಶಿಂಟೊ ದೇಗುಲಗಳು, ಬೌದ್ಧ ಮಂದಿರಗಳು, ಇತರ ಸಂಸ್ಥೆಗಳು ತಮ್ಮ ತಮ್ಮ ಅನುಯಾಯಿಗಳೆಂದು ಸರ್ಕಾರಕ್ಕೆ ಕೊಡುವ ಸಂಖ್ಯೆಗಳನ್ನು ಕೂಡಿಸಿದರೆ ಮೊತ್ತ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ. ಜನರನ್ನೇ ಕೇಳಿದರೆ ಅನೇಕರು ತಮಗೆ ಧರ್ಮವಿಲ್ಲ ಎನ್ನುತ್ತಾರೆ. ಹೊಸ ವರ್ಷಕ್ಕೆ ದೇಗುಲದ ಮುಂದೆ ಸಾಲು ನಿಲ್ಲುವವರೂ, ಬೇಸಗೆಯ ಓಬೊನ್ ಹಬ್ಬದಲ್ಲಿ ಹಿರಿಯರ ಸಮಾಧಿಗೆ ಹೋಗುವವರೂ, ಸತ್ತವರಿಗೆ ಬೌದ್ಧ ಭಿಕ್ಷುವಿನಿಂದ ಕರ್ಮ ಮಾಡಿಸುವವರೂ ಇವರೇ. ಇದರ ಬೇರು ಹದಿನೇಳನೆಯ ಶತಮಾನದಲ್ಲಿದೆ. ಕ್ರೈಸ್ತ ಧರ್ಮವನ್ನು ನಿಷೇಧಿಸಿದ್ದ ತೊಕುಗಾವ ಆಡಳಿತ, ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ಮಂದಿರದಲ್ಲಿ ಹೆಸರು ನೋಂದಾಯಿಸಬೇಕೆಂದು ಕಡ್ಡಾಯ ಮಾಡಿತು. ಕಡ್ಡಾಯ ಹೋದ ಮೇಲೂ ಮಂದಿರದ ದಫ್ತರಿನಲ್ಲಿ ಮನೆತನದ ಹೆಸರು ಉಳಿಯಿತು, ಜೊತೆಗೆ ಸಮಾಧಿಯ ಜಾಗವೂ. ಯುರೋಪಿನಲ್ಲಿ ಹೆಸರು ಉದುರುತ್ತಿರುವಾಗ ನಂಬಿಕೆ ಅಲ್ಲಲ್ಲಿ ಉಳಿದಿದೆ. ಜಪಾನಿನಲ್ಲಿ ಹೆಸರೂ ಬೇಡ, ನಂಬಿಕೆಯ ಪ್ರಮಾಣವಚನವೂ ಬೇಡ, ಆಚರಣೆಯೊಂದು ಗಟ್ಟಿಯಾಗಿದೆ. ಒಂದೇ ಅಳತೆಗೋಲಿನಿಂದ ಎರಡನ್ನೂ ಅಳೆದರೆ ಎರಡೂ ತಪ್ಪಾಗಿ ಕಾಣುತ್ತವೆ.

ಈಗ ಭಾರತಕ್ಕೆ ಬರೋಣ. ಇಲ್ಲಿ ಧರ್ಮದ ಹೆಸರು ಜಂಟಿ ಖಾತೆಯ ಜಮೀನಿದ್ದಂತೆ. ನನ್ನ ಪಾಲು ನನಗೆ ಬೇಡ ಎಂದರೂ ಉಳಿದವರ ಸಹಿಯಿಲ್ಲದೆ ಹೊರಬರಲಾಗದು. ಮದುವೆ, ಆಸ್ತಿ, ಮೀಸಲಾತಿ, ಅಂತ್ಯಸಂಸ್ಕಾರ ಎಲ್ಲವೂ ಆ ಒಂದು ಹೆಸರಿಗೆ ಕಟ್ಟಿಕೊಂಡಿವೆ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಗಂಡ ಅಥವಾ ಹೆಂಡತಿ ಮತಾಂತರಗೊಂಡು ಹಿಂದೂವಾಗಿ ಉಳಿಯದಿದ್ದರೆ ಅದು ವಿಚ್ಛೇದನಕ್ಕೆ ಕಾರಣ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮತಾಂತರವಾದವರಿಗೆ ಆ ನಂತರ ಹುಟ್ಟಿದ ಮಕ್ಕಳು, ತಾವು ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗುವುದಿಲ್ಲ. ಹಿಂದೂ ತಂದೆತಾಯಿಗೆ ಹುಟ್ಟಿ ದೇವರಿಲ್ಲ ಎನ್ನುವವರನ್ನೂ ಕಾನೂನು ಹಿಂದೂ ಎಂದೇ ಕಾಣುತ್ತದೆ. ಅವರ ಮದುವೆ, ಆಸ್ತಿ ಎಲ್ಲ ಆ ಚೌಕಟ್ಟಿನಲ್ಲೇ. ಹೀಗಾಗಿ ಭಾರತದಲ್ಲಿ ನಂಬಿಕೆ ಕಳೆದುಕೊಂಡವರು ಹೆಸರು ಬದಲಿಸುವ ಗೋಜಿಗೇ ಹೋಗುವುದಿಲ್ಲ, ಹೋದರೂ ಅದರಿಂದ ಅವರಿಗೆ ಸಿಗುವುದು ಹೆಚ್ಚೇನಿಲ್ಲ. ಧರ್ಮವಿಲ್ಲ ಎಂದು ಹೇಳಿಕೊಳ್ಳುವ ಹಕ್ಕು ನಾಗರಿಕರಿಗಿದೆ, ಸರ್ಕಾರಿ ನಮೂನೆಗಳಲ್ಲಿ ಧರ್ಮ ನಮೂದಿಸಲು ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ಹಕ್ಕು ಕಾಗದದ ಮೇಲಿದೆ. ಅದನ್ನು ಬಳಸುವವರು ವಿರಳ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಸುಮಾರು 29 ಲಕ್ಷ, ಅಂದರೆ ಸಾವಿರಕ್ಕೆ ಎರಡೂವರೆ ಮಂದಿಗಿಂತ ಕಡಿಮೆ.

ಈ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ದಲಿತರ ವಿಚಾರದಲ್ಲಿ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಬಹುಮಟ್ಟಿಗೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತ, ಮುಸ್ಲಿಂ ದಲಿತರು ಇಂದಿಗೂ ಹೊರಗಿದ್ದಾರೆ. ಪ್ಯೂ ಸಮೀಕ್ಷೆಯಲ್ಲಿ ಭಾರತದ ಕ್ರೈಸ್ತರ ಪೈಕಿ ಸುಮಾರು ಮೂರನೇ ಒಂದು ಭಾಗ ತಾವು ಪರಿಶಿಷ್ಟ ಜಾತಿಯವರು ಎಂದಿದ್ದರು. ಕಾನೂನು ಒಪ್ಪದ ಗುರುತನ್ನು ಅವರು ಬಾಯಿಮಾತಿನಲ್ಲಿ ಉಳಿಸಿಕೊಂಡಿದ್ದಾರೆ. ಮನೆಯಲ್ಲಿ ಯೇಸುವಿನ ಪ್ರಾರ್ಥನೆ, ಪ್ರಮಾಣಪತ್ರದಲ್ಲಿ ಹಿಂದೂ ಎಂಬ ಬಾಳು ದಕ್ಷಿಣ ಭಾರತದಲ್ಲಿ ಅಪರೂಪವಲ್ಲ. ಚರ್ಚಿಗೆ ನಿಯಮಿತವಾಗಿ ಹೋಗುತ್ತಿದ್ದ ಪುದುಚೇರಿಯ ಮಹಿಳೆಯೊಬ್ಬರು ಕೆಲಸಕ್ಕಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದಾಗ, ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ನ್ಯಾಯಾಲಯದ ದೃಷ್ಟಿಯಲ್ಲಿ ಹೆಸರೂ ನಂಬಿಕೆಯೂ ಒಂದಾಗಿರಬೇಕು. ಆದರೆ ಹೆಸರಿಗೆ ಇಷ್ಟು ಬೆಲೆ ಕಟ್ಟಿದ ವ್ಯವಸ್ಥೆಯೇ ಅವೆರಡನ್ನು ಬೇರೆ ಮಾಡುತ್ತದೆ. ಕರ್ನಾಟಕದ ಒಂದು ಲೆಕ್ಕವನ್ನೇ ನೋಡಿ: 2001ರ ಜನಗಣತಿಯಲ್ಲಿ ರಾಜ್ಯದ ಬೌದ್ಧರು ಸುಮಾರು 3.93 ಲಕ್ಷ, 2011ರಲ್ಲಿ ಸುಮಾರು 95 ಸಾವಿರ. ಹತ್ತು ವರ್ಷದಲ್ಲಿ ನಾಲ್ಕರಲ್ಲಿ ಮೂರು ಪಾಲು ಬೌದ್ಧರು ಬುದ್ಧನನ್ನು ಮರೆತುಬಿಟ್ಟರು ಎಂದು ಯಾರೂ ನಂಬುವುದಿಲ್ಲ. ಬದಲಾದದ್ದು ಗಣತಿದಾರರ ಹಾಳೆಗೆ ಇಳಿದ ಹೆಸರು.

ಹೆಸರು ಮುಂದೆ ಹೋಗಿ ನಂಬಿಕೆ ಹಿಂಬಾಲಿಸಿದ ಉದಾಹರಣೆಯೂ ಇಲ್ಲೇ ಇದೆ. ‘ಹಿಂದೂವಾಗಿ ಸಾಯುವುದಿಲ್ಲ’ ಎಂದು ಡಾ. ಬಿ.ಆರ್. ಅಂಬೇಡ್ಕರ್ ನಾಸಿಕ್ ಬಳಿಯ ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ. ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. 1951ರ ಜನಗಣತಿಯಲ್ಲಿ ದೇಶದ ಬೌದ್ಧರು ಎರಡು ಲಕ್ಷಕ್ಕಿಂತ ಕಡಿಮೆ. 1961ರಲ್ಲಿ 32 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ತ್ರಿಪಿಟಕ ಓದಿ, ಒಪ್ಪಿ, ಆಮೇಲೆ ಬೌದ್ಧರಾದವರಲ್ಲ. ಅಸ್ಪೃಶ್ಯತೆಯನ್ನು ಹೊರಿಸಿದ ಹೆಸರನ್ನು ಮೊದಲು ಇಳಿಸಿದರು. ಬುದ್ಧವಿಹಾರ, ವಂದನೆ, ಬೌದ್ಧ ರೀತಿಯ ಮದುವೆಗಳು ನಿಧಾನವಾಗಿ ಬೆಳೆದವು. ಹೆಸರು ಬದಲಿಸುವುದು ಬೂಟಾಟಿಕೆ, ನಂಬಿಕೆ ಬದಲಾಗುವುದೇ ನಿಜವಾದ ಬದಲಾವಣೆ ಎನ್ನುವವರು ಇದನ್ನು ಗಮನಿಸಬೇಕು. ಹೆಸರು ಎನ್ನುವುದು ಘನತೆಯ ಪ್ರಶ್ನೆಯೂ ಹೌದು. ನಮ್ಮ ಕಾಲದ ಲಿಂಗಾಯತ ಪ್ರತ್ಯೇಕ ಧರ್ಮದ ವಿವಾದವನ್ನು ಅರ್ಥಮಾಡಿಕೊಳ್ಳಲೂ ಇದು ಸಹಾಯಕ. ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ನೇತೃತ್ವದ ಸಮಿತಿಯ ವರದಿಯನ್ನು ಆಧರಿಸಿ ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಕೇಂದ್ರಕ್ಕೆ ಶಿಫಾರಸು ಕಳಿಸಿತು. ಕೇಂದ್ರ ಅದನ್ನು ಒಪ್ಪಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ, ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂಬ ಚರ್ಚೆ ಮಠಗಳಿಂದ ಮನೆಯಂಗಳದವರೆಗೆ ಮತ್ತೆ ನಡೆಯಿತು. ಈ ಇಡೀ ವಿವಾದದಲ್ಲಿ ಯಾರ ಇಷ್ಟಲಿಂಗವೂ ಬದಲಾಗಲಿಲ್ಲ, ಯಾರ ಪೂಜೆಯೂ ಬದಲಾಗಲಿಲ್ಲ. ವೀರಶೈವ-ಲಿಂಗಾಯತ ಒಂದೇ ಎನ್ನುವವರೂ ಬೇರೆ ಎನ್ನುವವರೂ ವಾದಿಸಿದ್ದು ಹೆಸರಿನ ಬಗ್ಗೆ, ಆ ಹೆಸರು ತರುವ ಸ್ಥಾನಮಾನದ ಬಗ್ಗೆ. ಅದೇ ಸಮೀಕ್ಷೆಯ ಪಟ್ಟಿಯಲ್ಲಿ ಹಿಂದೂ ಜಾತಿಗಳ ಹೆಸರಿನ ಜೊತೆಗೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ್ದಕ್ಕೆ ಎದ್ದ ಆಕ್ಷೇಪವೂ ಇಂಥದ್ದೇ. ಧರ್ಮ ಬದಲಾದರೂ ಜಾತಿ ಬಿಡದ ಸಮಾಜದಲ್ಲಿ ಒಂದು ಕಾಲಂ ತುಂಬಲು ಇನ್ನೊಂದು ಕಾಲಂ ಅಡ್ಡಬರುತ್ತದೆ.

ಈ ವಾದಕ್ಕೆ ಬಲವಾದ ಮೊದಲ ಆಕ್ಷೇಪ ಬ್ರಿಟನ್ನಿನ ಸಂಶೋಧಕರಿಂದಲೇ ಬಂದಿದೆ. ಜನ ಚರ್ಚನ್ನು ಬಿಟ್ಟರೂ ನಂಬಿಕೆಯನ್ನು ಬಿಟ್ಟಿಲ್ಲ, ಸೇರದೆಯೂ ನಂಬುತ್ತಾರೆ ಎಂಬ ವಿಚಾರವನ್ನು 1990ರ ದಶಕದಲ್ಲಿ ಮುಂದಿಟ್ಟವರು ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ. 2005ರಲ್ಲಿ ಡೇವಿಡ್ ವೋಸ್ ಮತ್ತು ಅಲಾಸ್ಡೇರ್ ಕ್ರಾಕೆಟ್ ಅದನ್ನು ತಲೆಮಾರುಗಳ ಲೆಕ್ಕದಿಂದ ಅಲ್ಲಗಳೆದರು. ತಂದೆತಾಯಿ ಇಬ್ಬರೂ ಧಾರ್ಮಿಕರಾಗಿದ್ದರೆ ಮಕ್ಕಳು ಹಾಗಿರುವ ಸಂಭವ ಸುಮಾರು ಅರ್ಧ. ಒಬ್ಬರೇ ಆಗಿದ್ದರೆ ಅದರರ್ಧ. ಇಬ್ಬರೂ ಅಲ್ಲದಿದ್ದರೆ ಮಕ್ಕಳೂ ಬಹುತೇಕ ಅಲ್ಲ. ಹೆಸರು, ನಂಬಿಕೆ ಎರಡೂ ತಲೆಮಾರಿನಿಂದ ತಲೆಮಾರಿಗೆ ಕರಗುತ್ತಿವೆ ಎಂಬುದು ಅವರ ತೀರ್ಮಾನ. ಈ ಆಕ್ಷೇಪದಲ್ಲಿ ಹುರುಳಿದೆ. ಹೆಸರು ಬಿಟ್ಟ ಮನೆಯಲ್ಲಿ ಪ್ರಾರ್ಥನೆ ಕಲಿಸುವವರು ಯಾರು? ಹಬ್ಬದ ಕಾರಣ ಹೇಳುವವರು ಯಾರು? ಹೇಳಿಕೊಡುವವರಿಲ್ಲದೆ ನಂಬಿಕೆ ಎರಡು ತಲೆಮಾರು ದಾಟುವುದು ಕಷ್ಟ. ಆದರೆ ಇದು ಹೆಸರು, ನಂಬಿಕೆ, ಆಚರಣೆ ಈ ಮೂರರ ನಡುವಿನ ವ್ಯತ್ಯಾಸವನ್ನು ಅಳಿಸುವುದಿಲ್ಲ, ಅವುಗಳ ನಡುವಿನ ಕಾಲದ ಅಂತರವನ್ನು ತೋರಿಸುತ್ತದೆ. ಹೆಸರು ಇಂದು ಹೋದರೆ ನಂಬಿಕೆ ಮೊಮ್ಮಕ್ಕಳ ಕಾಲಕ್ಕೆ ಸವೆಯಬಹುದು. ನಾಗಪುರದಲ್ಲಿ ಆದಂತೆ ಹೆಸರು ಇಂದು ಬಂದರೆ ನಂಬಿಕೆ ಮೊಮ್ಮಕ್ಕಳ ಕಾಲಕ್ಕೆ ಬೇರೂರಬಹುದು. ಎರಡರಲ್ಲೂ ಒಂದು ವರ್ಷದ ಲೆಕ್ಕ ನೋಡಿ ಜನರ ಮನಸ್ಸನ್ನು ಅಳೆಯುವುದು ಆತುರದ ಕೆಲಸ.

ಎರಡನೆಯ ಆಕ್ಷೇಪ ನಮ್ಮವರದು: ಭಾರತೀಯರು ಧರ್ಮದಲ್ಲಿ ಉಳಿದಿರುವುದು ಕಾನೂನಿನ ಕಟ್ಟಿನಿಂದಲ್ಲ, ನಿಜವಾದ ಭಕ್ತಿಯಿಂದ. ಭಕ್ತಿ ನಿಜ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಉಳಿಯುವ ಪ್ರಮಾಣವನ್ನು ಭಕ್ತಿಯೊಂದೇ ನಿರ್ಧರಿಸುತ್ತಿದ್ದರೆ, ಕಡಲಾಚೆಗೂ ಅದು ಹಾಗೇ ಇರಬೇಕಿತ್ತು. ಅಮೆರಿಕದಲ್ಲಿರುವ, ಹಿಂದೂಗಳಾಗಿ ಬೆಳೆದ ವಯಸ್ಕರಲ್ಲಿ ಈಗಲೂ ಹಿಂದೂ ಎನ್ನುವವರು ಶೇ 82. ಅಲ್ಲಿನ ಇತರ ಹಲವು ಸಮುದಾಯಗಳಿಗೆ ಹೋಲಿಸಿದರೆ ಇದು ಹೆಚ್ಚೇ. ಆದರೂ ಭಾರತದಲ್ಲಿ ಹಿಂದೂಗಳಾಗಿ ಬೆಳೆದು ಈಗ ಅಲ್ಲ ಎನ್ನುವವರು ನೂರಕ್ಕೆ ಒಬ್ಬರೂ ಇಲ್ಲದಿರುವಾಗ ಅಲ್ಲಿ ಐದೂವರೆ ಮಂದಿಯಲ್ಲಿ ಒಬ್ಬರು ಹೆಸರು ಬಿಟ್ಟಿದ್ದಾರೆ. ಅಮೆರಿಕದ ಹಿಂದೂಗಳಲ್ಲಿ ಅನೇಕರು ಇಲ್ಲೇ ಹುಟ್ಟಿ ಬೆಳೆದು ಹೋದವರು. ಓದು, ಉದ್ಯೋಗ ಹುಡುಕಿ ಹೊರಟವರು ಸಾಮಾನ್ಯ ಭಾರತೀಯರಿಗಿಂತ ಮೊದಲೇ ಭಿನ್ನವಾಗಿರಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಸಂಬಂಧಿಕರ ಕಣ್ಣು, ಜಾತಿಯ ಪ್ರಮಾಣಪತ್ರ, ಆಸ್ತಿಯ ಹಂಗು ಇಲ್ಲದ ಕಡೆ ಹೆಸರು ಹಗುರಾಗುತ್ತದೆ ಎಂಬುದನ್ನು ತಳ್ಳಿಹಾಕಲಾಗದು. ಇಲ್ಲಿ ಉಳಿದವರ ನಂಬಿಕೆಯೂ ನಿಂತ ನೀರಲ್ಲ, ಹೆಸರಿನ ಸೂರಿನಡಿಯಲ್ಲೇ ಅದು ಹರಿಯುತ್ತಿದೆ. ಕರ್ಮದಲ್ಲಿ ನಂಬಿಕೆಯಿದೆ ಎಂದ ಭಾರತದ ಹಿಂದೂಗಳು ಶೇ 77, ಮುಸ್ಲಿಮರೂ ಶೇ 77. ಕ್ರೈಸ್ತರಲ್ಲೂ ಅರ್ಧಕ್ಕಿಂತ ಹೆಚ್ಚು. ಊರ ದೇವರಿಗೆ ನಡೆದುಕೊಳ್ಳುವ ಮನೆಯವರೇ ಅಯ್ಯಪ್ಪನ ಮಾಲೆ ಹಾಕುತ್ತಾರೆ, ವಿಪಶ್ಯನ ಶಿಬಿರಕ್ಕೆ ಹೋಗುತ್ತಾರೆ, ಹೊಸ ಗುರುಗಳ ಪ್ರವಚನ ಕೇಳುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಮೊಹರಂ ನಡೆಯುವಾಗ ಕಾಲಂ ನೋಡಿ ಜನ ಸೇರುವುದಿಲ್ಲ. ರಹಮತ್ ತರೀಕೆರೆ ಅವರು ಸೂಫಿ, ನಾಥ, ಶಾಕ್ತ ಪಂಥಗಳ ಬಗ್ಗೆ ಮಾಡಿದ ಅಧ್ಯಯನಗಳು ಕರ್ನಾಟಕದ ಇಂಥ ಬದುಕನ್ನು ಊರೂರು ತಿರುಗಿ ದಾಖಲಿಸಿವೆ. ಪಶ್ಚಿಮದಲ್ಲಿ ಬದಲಾವಣೆ ಬಿಡುವ ಮೂಲಕ ಕಾಣಿಸಿಕೊಂಡರೆ ಇಲ್ಲಿ ಅದು ಕೂಡಿಸಿಕೊಳ್ಳುವ ಮೂಲಕ ನಡೆಯುತ್ತದೆ. ಅದಕ್ಕೇ ಗಣತಿಯ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯ ಆಕ್ಷೇಪ: ಹೆಸರಿಗೆ ಬೆಲೆಯೇ ಮುಖ್ಯ ಎಂದರೆ, ಮತಾಂತರವೆಲ್ಲ ಆಮಿಷದ ವ್ಯವಹಾರ ಎಂದು ಒಪ್ಪಿದಂತಾಗಲಿಲ್ಲವೇ? ಆಗುವುದಿಲ್ಲ. ನಾಗಪುರದಲ್ಲಿ ಬೌದ್ಧರಾದವರು ಕೇಂದ್ರದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಮರಳಿ ಪಡೆದದ್ದು ಮೂವತ್ತನಾಲ್ಕು ವರ್ಷಗಳ ನಂತರ. ಅವರು ಹೆಸರು ಬದಲಿಸಿದ್ದು ನಷ್ಟ ಮಾಡಿಕೊಂಡು. ಬೆಲೆ ವಿವರಿಸುವುದು ಜನ ಯಾಕೆ ನಂಬುತ್ತಾರೆ ಎಂಬುದನ್ನಲ್ಲ, ಆ ನಂಬಿಕೆ ದಾಖಲೆಯಲ್ಲಿ ಯಾವಾಗ ಮತ್ತು ಎಷ್ಟು ಕಾಣಿಸಿಕೊಳ್ಳುತ್ತದೆ ಎಂಬುದನ್ನು. ಬೆಲೆ ಹೆಚ್ಚಿಸುವ ಕಾನೂನುಗಳ ಪರಿಣಾಮವೂ ಇದರಿಂದ ತಿಳಿಯುತ್ತದೆ. ಒಡಿಶಾದಲ್ಲಿ 1967ರಲ್ಲಿ, ಮಧ್ಯಪ್ರದೇಶದಲ್ಲಿ 1968ರಲ್ಲಿ ಬಂದ ಮತಾಂತರ ನಿಯಂತ್ರಣ ಕಾಯ್ದೆಗಳ ಸಾಲಿಗೆ ಕರ್ನಾಟಕವೂ 2022ರಲ್ಲಿ ಸೇರಿತು. ಮತಾಂತರವಾಗುವವರು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದನ್ನು ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಬೇಕು ಎಂದು ಆ ಕಾಯ್ದೆ ಹೇಳಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಬಲವಂತ, ವಂಚನೆಗಳನ್ನು ತಡೆಯಬೇಕೆಂಬುದು ನ್ಯಾಯವಾದ ಮಾತು, ಅವುಗಳಿಗೆ ಸಾಮಾನ್ಯ ದಂಡಸಂಹಿತೆಯಲ್ಲೂ ಶಿಕ್ಷೆಯುಂಟು. ಆದರೆ ಮನಸ್ಸಿನ ಬದಲಾವಣೆಯನ್ನು ಕಚೇರಿಯ ಸೂಚನಾ ಫಲಕಕ್ಕೆ ಹಾಕಿಸುವ ನಿಯಮ ಮನಸ್ಸನ್ನು ತಡೆಯುವುದಿಲ್ಲ. ಅದು ಹೆಸರನ್ನು ಹಳೆಯದರಲ್ಲೇ ಇರಿಸಿ ನಂಬಿಕೆಯನ್ನು ಮರೆಗೆ ಸರಿಸುತ್ತದೆ. ಆಮೇಲೆ ಆ ಮರೆಯನ್ನೇ ಮೋಸದ ಪುರಾವೆಯೆಂದು ತೋರಿಸಲಾಗುತ್ತದೆ.

ಮುಂದಿನ ಜನಗಣತಿಗೆ ದೇಶದ ಬಹುಭಾಗದಲ್ಲಿ 2027ರ ಮಾರ್ಚ್ 1 ಆಧಾರದಿನ. ಈ ಬಾರಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳಲಾಗುತ್ತದೆ. ಫಲಿತಾಂಶ ಬಂದಾಗ ಯಾವ ಧರ್ಮ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಗದ್ದಲ ಏಳುವುದು ಖಚಿತ. ಆಗ ಪ್ರತಿಯೊಂದು ಸಂಖ್ಯೆಗೂ ಮೂರು ಪ್ರಶ್ನೆ ಕೇಳಬೇಕು. ಕಾಲಂ ತುಂಬಿದವರು ಯಾರು, ಆಯ್ಕೆಗಳೇನಿದ್ದವು? ಆ ಹೆಸರು ಬರೆಸಿದ್ದರಿಂದ ಅವರಿಗೆ ಸಿಗುವುದೇನು, ಬಿಟ್ಟರೆ ಹೋಗುವುದೇನು? ಅದೇ ಜನ ನಿಜವಾಗಿ ಏನು ನಂಬುತ್ತಾರೆ, ಏನು ಆಚರಿಸುತ್ತಾರೆ ಎಂಬುದಕ್ಕೆ ಬೇರೆ ಆಧಾರವಿದೆಯೇ? ಮೂರಕ್ಕೂ ಉತ್ತರವಿಲ್ಲದೆ ಧರ್ಮ ಅಪಾಯದಲ್ಲಿದೆ ಎನ್ನುವುದೂ ಧರ್ಮ ಗೆದ್ದಿತು ಎನ್ನುವುದೂ ಒಂದೇ ತಪ್ಪಿನ ಎರಡು ರೂಪ. ಮತಾಂತರ ಅಥವಾ ಧರ್ಮತ್ಯಾಗ ಯಾರಿಗೂ ಲಾಭವಾಗದಂತೆ, ಯಾರಿಗೂ ಶಿಕ್ಷೆಯಾಗದಂತೆ ಹೆಸರಿನ ಬೆಲೆಯನ್ನು ಇಳಿಸಿದ ಸಮಾಜದಲ್ಲಿ ಮಾತ್ರ ಕಾಲಂ ಸತ್ಯಕ್ಕೆ ಹತ್ತಿರ ಬರುತ್ತದೆ. ಅಲ್ಲಿ ಕ್ರೈಸ್ತರೋ ಹಿಂದೂಗಳೋ ಮುಸ್ಲಿಮರೋ ಬೌದ್ಧರೋ ಕಡಿಮೆಯಾದರೂ ಉಳಿದವರ ಬಗ್ಗೆ ಅನುಮಾನ ಇರುವುದಿಲ್ಲ, ಏಕೆಂದರೆ ಅವರು ಬಿಡಬಹುದಾಗಿದ್ದೂ ಬಿಡದವರು. ಧರ್ಮವನ್ನು ಪ್ರೀತಿಸುವವರಿಗೆ ಇದರಿಂದ ಭಯಪಡಲು ಕಾರಣವಿಲ್ಲ. ಹೊರಹೋಗುವ ಬಾಗಿಲು ತೆರೆದಿದ್ದೂ ಒಳಗೆ ನಿಂತವರ ನಂಬಿಕೆಗೆ, ಬಾಗಿಲು ಮುಚ್ಚಿ ಎಣಿಸಿದ ಶೇ 98ಕ್ಕಿಂತ ತೂಕ ಹೆಚ್ಚು.